ಶತ್ರುವಿನ ಕೋಟು

ಮಾರ್ಚ್ 3, ಬೆಳಗ್ಗೆ

ಗಂಟಲಿಗೆ ಉಪ್ಪುನೀರು ಆಯಿತು. ಕಿಟಕಿ ತೆರೆದು ರಾಜನ ಪಾತ್ರದ ಮಾತನ್ನು ಒಮ್ಮೆ ಪೂರ್ತಿ ಗುಡುಗಿದ್ದೂ ಆಯಿತು. ಎದುರಿನ ಕ್ಷೌರದಂಗಡಿಯವನು ಎಂದಿನಂತೆ ಶಟರ್ ಅರ್ಧಕ್ಕೆ ಎಳೆದ. ರಸಿಕನಲ್ಲ. "ಯಾರಲ್ಲಿ? ಕಾಫಿ!" ಎಂದು ಆಜ್ಞಾಪಿಸಿದೆ. ಒಳಗಿನಿಂದ ನನ್ನವಳು, "ಯಾರೂ ಇಲ್ಲ ಮಹಾಪ್ರಭು. ಫ್ಲಾಸ್ಕಲ್ಲಿದೆ, ಬಗ್ಗಿಸ್ಕೊಳ್ಳಿ." ಇಷ್ಟು ವರ್ಷದ ದಾಂಪತ್ಯದಲ್ಲಿ ಒಂದು ದಿನವೂ ತನ್ನ ಮಾತಿನ ಕ್ಯೂ ತಪ್ಪಿದವಳಲ್ಲ.

ಅವಳ ತೊಡೆಯ ಮೇಲೆ ಶತ್ರುವಿನ ಕೋಟು. ನಮ್ಮ ನಾಟಕ ಮಂಡಳಿಯ ಉಡುಪೆಲ್ಲ ಅವಳ ಕೈಯಲ್ಲೇ. ಖಳನಿಗೆ ಇರುವುದು ಇದೊಂದೇ ಕೋಟು—ಬೂದು ಬಣ್ಣ, ಹಿತ್ತಾಳೆ ಗುಂಡಿ. ಹೊಸ ಯುದ್ಧ ಬಂದಾಗಲೆಲ್ಲ ತೋಳಿನಿಂದ ಹಳೆಯ ಶತ್ರುದೇಶದ ಬಿಲ್ಲೆ ಬಿಚ್ಚುತ್ತಾಳೆ, ಹೊಸದು ಹೊಲಿಯುತ್ತಾಳೆ. ನಾಟಕ ಅದೇ. ರಾಜನೂ ಅದೇ—ನಾನು. ಮಾತೂ ಅದೇ. ಶತ್ರುವಿನ ಹೆಸರು ಮಾತ್ರ ಬೇರೆ. ಮೊದಲು ಮರಳುನಾಡಿನವರು. ಆಮೇಲೆ ಉತ್ತರದವರು. ಆಮೇಲೆ ದ್ವೀಪದವರು. ಈಗ ಬೆಟ್ಟದಾಚೆಯವರು. ಬಿಚ್ಚಿದ ಬಿಲ್ಲೆಗಳನ್ನು ಬಿಸಾಡುವುದಿಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಾಳೆ. ಯಾವುದು ಮತ್ತೆ ಬೇಕಾಗುತ್ತದೋ, ಯಾರು ಬಲ್ಲರು.

ಭೂಮಂಡಲದಲ್ಲೇ ನಮ್ಮಷ್ಟು ದೊಡ್ಡ ಸೈನ್ಯ ಇನ್ಯಾರಿಗೂ ಇಲ್ಲವಂತೆ. ಆದರೂ ನಾಲ್ಕೈದು ವರ್ಷಕ್ಕೊಮ್ಮೆ ಅಪಾಯ ಬರುವುದು ನಮಗೇ!

ತೋಳಿನ ಬಟ್ಟೆ ಸೂಜಿ ಚುಚ್ಚಿಸಿಕೊಂಡು ಜರಡಿಯಾಗಿದೆ. "ಇನ್ನೊಂದು ಯುದ್ಧ ತಡೆಯಲ್ಲ ಇದು" ಎಂದಳು. ಕೋಟಿನ ಬಗ್ಗೆ.

ಮಾರ್ಚ್ 5, ಸಂಜೆ

ರಿಹರ್ಸಲ್. ಹಿಂಗೋಡೆ ನಡುಗುತ್ತಿದೆ. ಗೋಡೆಯಾಚೆ ಪಾತ್ರೆ ಧಣಿಗಳ ಕಾರ್ಖಾನೆ. ಶಾಂತಿಯ ಕಾಲದಲ್ಲಿ ಅಲ್ಲಿ ಪಾತ್ರೆ, ಕೆಟಲು. ಪ್ರೆಸ್ಸಿನ ಸದ್ದು ತೆಳು—ಟಣ್, ಟಣ್, ತಾಳ ತಟ್ಟಿದಂತೆ. ಯುದ್ಧಕಾಲದಲ್ಲಿ ಫಿರಂಗಿಯ ಶೆಲ್ಲು. ಆಗ ಸದ್ದು ಭೀಮನ ಹೆಜ್ಜೆ. ಇದ್ದ ಹಲ್ಲೆಲ್ಲ ಅಲುಗಬೇಕು.

ರಂಗದ ಮೇಲೆ ಬೆಳೆದ ಕಿವಿ ನನ್ನದು. ಶ್ರುತಿ ಬದಲಾದರೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಈ ಸಲ ಪ್ರೆಸ್ಸಿನ ಶ್ರುತಿ ಬದಲಾದದ್ದು ಜನವರಿಯಲ್ಲಿ. ಬೆಟ್ಟದಾಚೆಯವರು ನಮ್ಮ ಗಡಿಠಾಣೆಗೆ ಗುಂಡು ಹಾರಿಸಿದರೆಂದು ಪೇಪರಿನಲ್ಲಿ ಬಂದದ್ದು ಫೆಬ್ರವರಿ ಕೊನೆಗೆ.

ಮಗಳಿಗೆ ಹೇಳಿದೆ. ಅವಳೇ ನಮ್ಮ ಲೈಟ್ ಬೋರ್ಡ್ ನಡೆಸುವವಳು. ಏಣಿಯ ಮೇಲಿಂದಲೇ, "ಅಪ್ಪ, ಹೋದ ಸಲವೂ ಹಾಗೇ ಆಗಿತ್ತು. ನೀವು ಆಗ ಡೈಲಾಗ್ ಉರು ಹೊಡೀತಿದ್ರಿ" ಎಂದಳು.

ಹೌದು. ಹೊಡೆಯುತ್ತಿದ್ದೆ. ಈ ಮಖಮಲ್ ಪರದೆ ಉತ್ತರದ ಯುದ್ಧ ಮುಗಿದಾಗ ಧಣಿಗಳು ಕೊಟ್ಟದ್ದು. ಮುಂದಿನ ಸಾಲಿನ ಮೆತ್ತನೆ ಕುರ್ಚಿಗಳು ದ್ವೀಪದ ಯುದ್ಧದವು.

ಮಾರ್ಚ್ 8, ಸಂಜೆ, ಪ್ರಯೋಗ ಮುಗಿದ ಮೇಲೆ

ಬರೆಯಲು ಕೂತರೂ ನಗು ನಿಲ್ಲುತ್ತಿಲ್ಲ.

ಬೀಳ್ಕೊಡುಗೆಯ ಪ್ರಯೋಗ. ಇದು ನಮ್ಮೂರಿನ ಪದ್ಧತಿ: ಸೈನ್ಯಕ್ಕೆ ಸೇರಿದ ಮಕ್ಕಳೆಲ್ಲ ನಾಟಕ ನೋಡಿ, ಹೊರಾಂಗಣದಿಂದ ಸಾಲುಗಟ್ಟಿ ನೇರ ಸ್ಟೇಷನ್ನಿಗೆ. ಬಾಗಿಲಲ್ಲಿ ಇನ್ನೂ ಸೇರುವವರಿಗಾಗಿ ಒಂದು ಮೇಜು. ರಾಜನ ಮಾತು ಕೇಳಿದ ಮೇಲೆ ಆ ಮೇಜಿಗೆ ನೂಕುನುಗ್ಗಲು. ಇಂದು ಮುಂದಿನ ಸಾಲಿನಲ್ಲಿ ಮಂತ್ರಿಗಳು, ಧಣಿಗಳು, ಪಕ್ಕದಲ್ಲಿ ದ್ವೀಪದ ರಾಯಭಾರಿ. ದ್ವೀಪದವರು ಈಗ ನಮ್ಮ ಪರಮ ಮಿತ್ರರು.

ಕತ್ತಲು. ನಗಾರಿ. ನಾನು ಖಡ್ಗ ಎತ್ತಿ, "ಯಾರಲ್ಲಿ? ನಮ್ಮ ಮನೆಯ ದೀಪ ಆರಿಸಲು ಬಂದ ಶತ್ರು ಎಲ್ಲಿ?" ಎಂದೆ. ಮಗಳ ಲೈಟು ಬೂದು ಕೋಟಿನ ಮೇಲೆ ಬಿತ್ತು. ಆಗ ನಾನು ಎದೆಯುಬ್ಬಿಸಿ, ಇಡೀ ಸಭಾಂಗಣಕ್ಕೆ ಕೇಳುವಂತೆ, "ಇಗೋ ಇಲ್ಲಿದ್ದಾನೆ, ದ್ವೀಪದ ನೀಚ!"

ಹಳೆಯ ಹೆಸರು. ನಾಲಿಗೆಗೆ ರೂಢಿ. ಹೋದ ಸಲ ಇನ್ನೂರು ಪ್ರಯೋಗ ಹಾಗೇ ಹೇಳಿತ್ತು.

ರಾಯಭಾರಿಯ ಕೈಯಲ್ಲಿದ್ದ ಹೂವು ಕೈಯಲ್ಲೇ. ಆಮೇಲೆ ಗ್ಯಾಲರಿಯಿಂದ ಯಾರೋ ನಿಧಾನಕ್ಕೆ, "ಸ್ವಾಮಿ, ಅವರು ಹೋದ ಸಲದವರು."

ಒಬ್ಬ ನಕ್ಕ. ಸಾಲು ನಕ್ಕಿತು. ಗ್ಯಾಲರಿಗೆ ಗ್ಯಾಲರಿಯೇ ಹೊಟ್ಟೆ ಹಿಡಿದುಕೊಂಡಿತು. ಸೈನ್ಯಕ್ಕೆ ಹೊರಟ ಬೋಳುತಲೆಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಬಾಗಿಲ ಮೇಜಿಗೆ ಇಂದು ಒಬ್ಬನೂ ಹೋಗಲಿಲ್ಲ.

ಜೀವನದಲ್ಲಿ ಮಾಡಿದ ಅತ್ಯುತ್ತಮ ಅಭಿನಯ. ಗೊತ್ತಿಲ್ಲದೆ ಮಾಡಿದೆ, ಅಷ್ಟೆ.

ಮಾರ್ಚ್ 9

ಮಗಳಿಗೆ ಸೈನ್ಯದ ಕರೆ ಬಂತು. ಸಿಗ್ನಲ್ ವಿಭಾಗ. ಇಪ್ಪತ್ತರಂದು ಹಾಜರಾಗಬೇಕು.

ಮಾರ್ಚ್ 10, ಮಧ್ಯಾಹ್ನ

ಧಣಿಗಳು ಗ್ರೀನ್ ರೂಮಿಗೇ ಬಂದರು. ಸಿಟ್ಟಿಲ್ಲ. ನನ್ನ ಕಿರೀಟ ಎತ್ತಿ, ತೂಕ ನೋಡಿ, "ತಗಡು ನಮ್ದೇ ಅಲ್ವಾ ರಾಜರೇ" ಎಂದರು. ಹೌದು ಎಂದೆ.

ಹತ್ತೊಂಬತ್ತಕ್ಕೆ ಮತ್ತೆ ಪ್ರಯೋಗ. ಅದೇ ಮಂತ್ರಿಗಳು, ಅದೇ ರಾಯಭಾರಿ. ಮೊದಲು ಕ್ಷಮೆ ಕೇಳಬೇಕು, ಆಮೇಲೆ ಸರಿಯಾದ ಹೆಸರು ಹೇಳಬೇಕು. ಹೇಳಿದರೆ ಮಗಳು ಕಾರ್ಖಾನೆಯ ಅಗತ್ಯ ಕೆಲಸಗಾರ್ತಿ ಎಂದು ದಾಖಲಾಗುತ್ತಾಳೆ. ಯುದ್ಧಕ್ಕೆ ಹೋಗಬೇಕಿಲ್ಲ. ಮಾತು ಬೆಣ್ಣೆಯ ಹಾಗೆ.

ಕೇಳಿಯೇಬಿಟ್ಟೆ—ಇದೆಲ್ಲ ಯಾತಕ್ಕೆ, ನಮ್ಮನ್ನು ಯಾರು ಮುಟ್ಟುತ್ತಾರೆ, ಯಾಕೆ ಮತ್ತೆ ಮತ್ತೆ?

ಕುರ್ಚಿ ಎಳೆದುಕೊಂಡು ಕೂತರು. ಮಕ್ಕಳಿಗೆ ಪಾಠ ಹೇಳುವವರಂತೆ. "ನೋಡಿ ರಾಜರೇ. ನಾನೊಂದು ಒಳ್ಳೇ ಪಾತ್ರೆ ಮಾಡಿ ಮಾರಿದ್ರೆ ಆ ಮನೆಯವ್ರು ಮೊಮ್ಮಕ್ಕಳ ಕಾಲದವರೆಗೂ ಅದ್ರಲ್ಲೇ ಬೇಯಿಸ್ಕೊಂಡು ತಿಂತಾರೆ. ನನ್ನ ಕಡೆ ತಲೆ ಹಾಕಲ್ಲ. ಶೆಲ್ಲು ಹಾಗಲ್ಲ. ಒಂದು ಸಲಕ್ಕೆ ಮುಗೀತು. ಸರ್ಕಾರ ಮಾರನೇ ದಿನ ಮತ್ತೆ ಬಾಗಿಲಿಗೆ ಬರುತ್ತೆ."

"ಗೆದ್ದುಬಿಟ್ರೆ?"

"ಗೆಲ್ಲೋದು ಯಾರಿಗೆ ಬೇಕಾಗಿದೆ? ನಡೀತಿದ್ರೆ ಸಾಕು."

ತಾವೊಬ್ಬರೇ ಅಲ್ಲವಂತೆ. ಬೂಟಿನವರು, ಕಂಬಳಿಯವರು, ಸಾಲ ಕೊಡುವ ಬ್ಯಾಂಕಿನವರು, ಮಂತ್ರಿಗಳ ಬೀಗರು, ಮುರಿದ ಊರುಗಳನ್ನು ಆಮೇಲೆ ಕಟ್ಟಿಕೊಡುವ ಸಿಮೆಂಟಿನವರು. "ನಿಮ್ಮ ಸಭಾಂಗಣ ಯಾವತ್ತು ತುಂಬುತ್ತೆ, ಹೇಳಿ?" ಎಂದು ನನ್ನ ಬೆನ್ನು ತಟ್ಟಿ ಎದ್ದರು. ಕಿರೀಟ ತಲೆಕೆಳಗು ಇಟ್ಟು ಹೋದರು.

ಎಂತೆಂಥ ಖಳರ ಜೊತೆ ನಟಿಸಿದ್ದೇನೆ. ಎಲ್ಲರೂ ಮೀಸೆ ತಿರುವಿದವರೇ, ಅಟ್ಟಹಾಸ ಮಾಡಿದವರೇ. ಈ ಪುಣ್ಯಾತ್ಮ ಹೋಗುವಾಗ ಫ್ಯಾನ್ ಆಫ್ ಮಾಡಿ ಹೋದ.

ಮಾರ್ಚ್ 15

ನಾಲ್ಕು ದಿನ ಬರೆಯಲಿಲ್ಲ. ಮಗಳಿಗೆ ಧಣಿಗಳ ಮಾತು ಹೇಳುವ ಧೈರ್ಯವೂ ಬರಲಿಲ್ಲ. ಮನಸ್ಸಿನಲ್ಲಿ ಹತ್ತು ಸಲ ಕ್ಷಮೆ ಕೇಳಿದೆ, ಹತ್ತು ಸಲವೂ ಸರಿಯಾದ ಹೆಸರು ಹೇಳಿದೆ. ಮಗಳಲ್ಲವೇ.

ಭಾವಮೈದ ಬಂದಿದ್ದ. ಕಾರ್ಖಾನೆಯಲ್ಲಿ ಫೋರ್‌ಮನ್. ಓವರ್‌ಟೈಮಿನಲ್ಲಿ ಮನೆಯ ಮೇಲೆ ಮಹಡಿ ಏರಿಸುತ್ತಿದ್ದಾನೆ. "ಭಾವ, ಒಂದು ಡೈಲಾಗಿಗೆ ಇಷ್ಟು ರಾಮಾಯಣ ಯಾಕೆ? ಹೇಳಿ ಬನ್ನಿ, ಮುಗೀತು" ಎಂದ. ಕೆಟ್ಟವನಲ್ಲ. ಬೀದಿಗೆ ಬೀದಿಯೇ ಕೆಟ್ಟದ್ದಲ್ಲ. ಮೂರು ಶಿಫ್ಟು ನಡೆಯುತ್ತಿದೆ, ಎಲ್ಲರ ಮನೆಯಲ್ಲೂ ಹೊಸ ಕುರ್ಚಿ.

ಕ್ಷೌರದಂಗಡಿಗೆ ಹೋದೆ. ಸೈನ್ಯಕ್ಕೆ ಹೊರಟವರ ತಲೆ ಬೋಳಿಸುವುದು ಇವನದೇ ಗುತ್ತಿಗೆ, ವ್ಯಾಪಾರ ಜೋರು. ಅಭಿನಂದನೆ ಹೇಳಿದೆ, ವ್ಯಂಗ್ಯವಾಗಿಯೇ. ಕತ್ತಿ ಮಸೆಯುತ್ತ, ನನ್ನ ಕಡೆ ನೋಡದೆ ಹೇಳಿದ: "ಹೋದ ಸಲ ಬೋಳಿಸಿದ ತಲೆಗಳು ಮತ್ತೆ ಕಟಿಂಗಿಗೆ ಬರಲೇ ಇಲ್ಲ, ಯಜಮಾನ್ರೇ. ನೀವು ಕಿಟಕೀಲಿ ರಾಜನ ಮಾತು ಶುರು ಮಾಡಿದ್ರೆ ನಾನು ಶಟರ್ ಎಳೆಯೋದು ಅದಕ್ಕೇ."

ಇಷ್ಟು ದಿನ ರಸಿಕನಲ್ಲ ಎಂದುಕೊಂಡಿದ್ದೆ.

ಮಾರ್ಚ್ 17, ಸಂಜೆ

ಮಗಳಿಗೆ ಹೇಳಿದೆ. ಊಟದ ಮೇಜಿನ ಮುಂದೆ, ಒಂದೇ ಉಸಿರಿನಲ್ಲಿ.

ಅವಳು ತಟ್ಟೆ ಸರಿಸಿದಳು. ಯುದ್ಧಕ್ಕಂತೂ ಹೋಗುವುದಿಲ್ಲವಂತೆ, ಇಪ್ಪತ್ತರ ಬೆಳಗ್ಗೆ ಕಚೇರಿಗೆ ಹೋಗಿ ಮುಖದ ಮೇಲೇ ಹೇಳಿ ಬರುತ್ತಾಳಂತೆ. ಜೈಲಾಗುತ್ತದೆ ಎಂದೆ. ಗೊತ್ತು ಎಂದಳು. ಧಣಿಗಳ ದಾರಿ ಸುಲಭ ಎಂದೆ.

"ಅಪ್ಪ," ಎಂದಳು, "ನೀವು ಆ ಮಾತು ಹೇಳಿದ್ರೆ ನಾನು ಉಳೀತೀನಿ. ಬಾಗಿಲ ಮೇಜಿಗೆ ಐವತ್ತು ಜನ ಹೋಗ್ತಾರೆ. ಅವರ ಅಪ್ಪಂದಿರಿಗೆ ಡೈಲಾಗ್ ಹೇಳೋಕೆ ಬರಲ್ಲ, ಅಷ್ಟೇ ತಾನೇ ವ್ಯತ್ಯಾಸ?"

ಯಾವ ನಾಟಕದಲ್ಲೂ ನನಗೆ ಇಂಥ ಮಾತು ಸಿಕ್ಕಿಲ್ಲ. ಸಿಕ್ಕಿದ್ದರೆ ಮೂರು ಸಲ ಒನ್ಸ್ ಮೋರ್.

ನನ್ನವಳು ಎದ್ದು ಹೋದಳು. ಅಳಲು ಎಂದುಕೊಂಡೆ. ಬಿಸ್ಕತ್ತಿನ ಡಬ್ಬಿ, ಸೂಜಿದಾರ ಹಿಡಿದು ಬಂದಳು. ಶತ್ರುವಿನ ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. "ಲೈಟು ಸರಿಯಾಗಿ ಹಾಕು" ಎಂದಳು ಮಗಳಿಗೆ.

ಮಾರ್ಚ್ 19, ಸಂಜೆ, ಗ್ರೀನ್ ರೂಮ್

ಬಣ್ಣ ಮುಗಿಯಿತು. ಖಳನ ಪಾತ್ರದವನಿಗೆ ಜ್ವರವಂತೆ—ಕೋಟು ನೋಡಿದ ಕೂಡಲೇ ಬಂದ ಜ್ವರ. ಚಿಂತೆಯಿಲ್ಲ. ಕೋಟು ನಾನೇ ತೊಟ್ಟಿದ್ದೇನೆ. ತಲೆಯ ಮೇಲೆ ರಾಜನ ಕಿರೀಟ, ಮೈಮೇಲೆ ಶತ್ರುವಿನ ಕೋಟು. ತೋಳಿನುದ್ದಕ್ಕೂ ಮರಳುನಾಡು, ಉತ್ತರ, ದ್ವೀಪ, ಬೆಟ್ಟದಾಚೆ. ಭುಜದ ಹತ್ತಿರ ಒಂದು ಬಿಲ್ಲೆಯ ಜಾಗ ಖಾಲಿ ಬಿಟ್ಟಿದ್ದಾಳೆ. ಮುಂದಿನವರಿಗೆ. ಒಂದೊಂದೇ ಹೆಸರು ಹೇಳುತ್ತೇನೆ. ಗ್ಯಾಲರಿ ಎಣಿಸಿಕೊಳ್ಳಲಿ.

ಪರದೆಯ ಸಂದಿಯಿಂದ ನೋಡಿದೆ. ಮುಂದಿನ ಸಾಲು ಭರ್ತಿ, ಮಧ್ಯದಲ್ಲಿ ಧಣಿಗಳು. ಹಿಂದೆ ಬೋಳುತಲೆಗಳು. ಕೊನೆಯ ಸಾಲಿನಲ್ಲಿ—ನನ್ನ ಕಣ್ಣೇ ನಂಬಲಿಲ್ಲ—ಕ್ಷೌರದಂಗಡಿಯವನು. ಟಿಕೆಟ್ ತೆಗೆದುಕೊಂಡು ಬಂದಿದ್ದಾನೆ.

ಗೋಡೆಯಾಚೆ ಭೀಮನ ಹೆಜ್ಜೆ. ಬಡಿಯಲಿ. ಅದನ್ನು ಮೀರುವ ಗಂಟಲು ನನ್ನದು.

ಎರಡನೇ ಬೆಲ್. ಮಗಳು ಬಾಗಿಲಿಗೆ ಬಂದಳು. ಜೇಬಿನಲ್ಲಿ ಟೆಸ್ಟರ್, ಮುಖದಲ್ಲಿ ಅವಳಮ್ಮನ ಶಾಂತಿ. ನಾನು "ಶತ್ರು ಎಲ್ಲಿ?" ಎಂದಾಗ ಲೈಟು ಎಲ್ಲಿಗೆ ಬೀಳಬೇಕು ಎಂದು ಕೇಳಿದಳು.

ಮುಂದಿನ ಸಾಲು, ಮಧ್ಯದ ಕುರ್ಚಿ. ಹೇಗೂ ಧಣಿಗಳೇ ಕೊಟ್ಟ ಕುರ್ಚಿ. ನಾನು ಹೇಳುವವರೆಗೂ ತೆಗೆಯಬೇಡ ಎಂದೆ.

"ಆಜ್ಞೆ, ಮಹಾಪ್ರಭು" ಎಂದು ಏಣಿ ಹತ್ತಿದಳು.

ಪರದೆ ಎಳೆಯುವವನು ಹಗ್ಗ ಹಿಡಿದ. ಮೂರನೇ ಬೆಲ್. ನನ್ನವಳು ಕೋಟಿನ ಗುಂಡಿ ಹಾಕುತ್ತ, ಬರೆದದ್ದು ಸಾಕು ಏಳಿ ಅನ್ನುತ್ತಿದ್ದಾಳೆ. ಯಾರಲ್ಲಿ—