ಜೌಗಿನ ಬೆಲೆ ಬರೆದವಳಿಗೆ

ಭಾನುವಾರ, ಊಟವಾದ ಮೇಲೆ

ನನ್ನ ಮುದ್ದು ಗುಬ್ಬಿಗೆ,

ದೊಡ್ಡಮ್ಮನ ತಲೆಯಲ್ಲಿರುವ ಕೂದಲಿನಷ್ಟು ಆಶೀರ್ವಾದ. ಕೂದಲೆಲ್ಲಿದೆ ಅಂತ ನಗಬೇಡ, ಉದುರಿದ್ದನ್ನೂ ಸೇರಿಸಿಕೋ.

ಫೋನಿದ್ದೂ ಪತ್ರ ಯಾಕೆ ಅಂತೀಯಾ? ಫೋನಿನಲ್ಲಿ ನೀನು ಮೂರನೇ ಮಾತಿಗೇ ಮೀಟಿಂಗ್ ಅಂತೀಯ. ಅದೂ ಅಲ್ಲದೆ ನಿಮ್ಮಮ್ಮ ಪಕ್ಕದಲ್ಲೇ ಕೂತು, ನಾನು ಏನಾದರೂ ಹೇಳುವ ಮೊದಲೇ ನನ್ನ ತೋಳು ಚಿವುಟುತ್ತಾಳೆ. ಪತ್ರವನ್ನು ಯಾರೂ ಮಧ್ಯದಲ್ಲಿ ಕಟ್ ಮಾಡುವ ಹಾಗಿಲ್ಲ. ಅಂಗಡಿಯ ಪೊಟ್ಟಣ ಬಿಚ್ಚಿ ಬಿಚ್ಚಿ ಅಕ್ಷರ ಕಲಿತವಳು ನಾನು, ತಪ್ಪು ಕಂಡಲ್ಲಿ ತಿದ್ದಿ ಓದಿಕೋ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ನೀನು ಉಳಿಸಿದ ಜೌಗು ಚೆನ್ನಾಗಿದೆ. ನಮ್ಮ ಬೀದಿಯ ಹಿಂದೆ ಈಗ ಲಾರಿಯ ಸದ್ದಿಲ್ಲ. ಗೋದಾಮು ಕಟ್ಟುವ ಕಂಪನಿಯವರು ತಂದು ಸುರಿದಿದ್ದ ಮಣ್ಣಿನ ಮೇಲೆಯೂ ಜೊಂಡು ಎದ್ದಿದೆ, ಆಳೆತ್ತರ. ಸುತ್ತಲೂ ಹಸಿರು ಬಣ್ಣದ ತಂತಿಬೇಲಿ ಬಂದಿದೆ. ಗೇಟಿನ ಪಕ್ಕ ದೊಡ್ಡ ಫಲಕ ನಿಲ್ಲಿಸಿದ್ದಾರೆ: ಈ ಜೌಗು ಊರಿನ ನೀರನ್ನು ಸೋಸುತ್ತದೆ, ನೆರೆಯನ್ನು ಕುಡಿಯುತ್ತದೆ, ಮೀನು ಕೊಡುತ್ತದೆ, ಜೊಂಡು ಕೊಡುತ್ತದೆ, ಇಷ್ಟೆಲ್ಲಕ್ಕೂ ವರ್ಷಕ್ಕೆ ಇಷ್ಟು ಕೋಟಿ ಬೆಲೆ ಅಂತ. ಆ ಅಂಕಿ ನಿನ್ನದು. ಫಲಕ ನಿಲ್ಲಿಸಿದ ದಿನ ನಿಮ್ಮಮ್ಮ ಅದರ ಕೆಳಗೆ ನಿಂತು, ಓದಲು ಬಾರದಿದ್ದರೂ ಒಂದೊಂದೇ ಅಂಕಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಬಣ್ಣ ಇನ್ನೂ ಒಣಗಿರಲಿಲ್ಲ. ಬೆರಳಿಗಂಟಿದ ಬಣ್ಣವನ್ನು ಎರಡು ದಿನ ತೊಳೆಯಲಿಲ್ಲ, ಹುಚ್ಚಿ.

ಈಗ ಉಳಿದ ಸುದ್ದಿ.

ಆ ಅಂಕಿ ಕಟ್ಟಲು ಮನೆಮನೆ ಸರ್ವೆಗೆ ಬರುವ ಹಿಂದಿನ ದಿನ ನೀನು ಫೋನ್ ಮಾಡಿ, ನಾಳೆ ಆಫೀಸಿನವರ ಜೊತೆ ಬರ್ತೀನಿ, ಮನೆ ಸ್ವಲ್ಪ ನೀಟಾಗಿರಲಿ ಅಂದೆ. ಅಷ್ಟೇ ಅಂದದ್ದು, ನಾನೇ ಸಾಕ್ಷಿ. ಅಷ್ಟಕ್ಕೇ ನಿಮ್ಮಮ್ಮ ಚಾಪೆಗೆಂದು ಹಿತ್ತಲಲ್ಲಿ ಒಣಗಲು ಹಾಕಿದ್ದ ಜೊಂಡಿನ ಕಟ್ಟುಗಳನ್ನೆಲ್ಲ ಪಕ್ಕದ ಬುಟ್ಟಿಯವಳ ಹಿತ್ತಲಿಗೆ ಸಾಗಿಸಿದಳು. ಕುಡುಗೋಲನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ಉಗುರಿನ ಸಂದಿಯ ಕೆಸರನ್ನು ಸೋಪು ಹಾಕಿ, ಬ್ರಷ್ ಹಾಕಿ, ರಕ್ತ ಬರುವ ಹಾಗೆ ಉಜ್ಜಿದಳು. ಯಾಕೇ ಇಷ್ಟೊಂದು ಅಂದರೆ, ಅವಳ ಸಾಹೇಬರು ಬರ್ತಾರಲ್ಲಕ್ಕಾ, ಕೆಸರು ಕೈಯವಳ ಮಗಳು ಅಂತ ಅವಳನ್ನು ಯಾರೂ ಅನ್ನಬಾರದು ಅಂದಳು. ನಿನ್ನಪ್ಪ ಹೋದ ಮೇಲೆ ಆ ಕೆಸರೇ ನಿನಗೆ ಫೀಸು ಕಟ್ಟಿದ್ದು. ಅದು ನಿನಗೆ ಗೊತ್ತಿಲ್ಲದ್ದೇನಲ್ಲ, ಚಾಪೆ ಹೊತ್ತು ಸಂತೆಗೆ ಬರುತ್ತಿದ್ದವಳು ನೀನು.

ನೀವು ನಾಲ್ಕು ಜನ ಬಂದಿರಿ. ನಮ್ಮ ಬಾಗಿಲಿನ ತೊಲೆ ತಗ್ಗು ಅಲ್ಲವಾ, ನಿನ್ನ ದೊಡ್ಡ ಸಾಹೇಬರ ಹಣೆ ಟಪ್ ಅಂತ ಬಡಿಯಿತು. ಹಿಂದೆ ಬಂದ ಇಬ್ಬರಿಗೂ ಬಡಿಯಿತು. ನೀನು ಮಾತ್ರ ಕಾಗದ ನೋಡುತ್ತಲೇ ತಲೆ ತಗ್ಗಿಸಿ ಒಳಗೆ ಬಂದೆ. ಹಣೆ ಉಜ್ಜಿಕೊಳ್ಳುತ್ತಾ ಸಾಹೇಬರು ನಕ್ಕು, ಈ ಮನೆ ನಿಮಗೆ ಗೊತ್ತಿದೆಯಾ ಅಂತ ಕೇಳಿದರು. ಮೊದಲೊಂದು ಸಲ ಬೀದಿ ನೋಡೋಕೆ ಬಂದಿದ್ದೆ ಸಾರ್ ಅಂದೆ ನೀನು.

ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ದಾರ ಹೋಗಲಿಲ್ಲ.

ಆಮೇಲೆ ನೀನು ಕಾಗದ ತೊಡೆಯ ಮೇಲಿಟ್ಟುಕೊಂಡು, ಹೆತ್ತ ತಾಯಿಯನ್ನು, ನೀವು ಜೌಗಿನಿಂದ ಏನಾದರೂ ತರ್ತೀರಾ ಅಮ್ಮಾ ಅಂತ ಕೇಳಿದೆ, ಬೀದಿಯ ಎಲ್ಲರನ್ನೂ ಕೇಳಿದ ಹಾಗೆ. ಏನೂ ಇಲ್ಲ ಮೇಡಂ ಅಂದಳು ಅವಳು. ಜೊಂಡು? ಇಲ್ಲ ಮೇಡಂ. ಮೀನು, ಬಸವನಹುಳು, ಸೊಪ್ಪು? ಅಯ್ಯೋ ಅಲ್ಲಿ ಜಿಗಣೆ ಮೇಡಂ, ನಾನು ಆ ಕಡೆ ಕಾಲೇ ಇಡಲ್ಲ ಅಂದಳು. ನಿನ್ನ ಸಾಹೇಬರು ಬಿಸ್ಕೆಟ್ ತಿನ್ನುತ್ತಾ, ಕೂತಿದ್ದ ಚಾಪೆಯನ್ನು ಸವರಿ, ಎಷ್ಟು ಚೆನ್ನಾಗಿ ಹೆಣೆದಿದ್ದಾರೆ, ಎಲ್ಲಿ ತಗೊಂಡಿರಿ ಅಂತ ಕೇಳಿದರು. ಅಂಗಡಿಯಲ್ಲಿ ಅಂದಳು. ಆ ಚಾಪೆ ಯಾರು ಹೆಣೆದದ್ದು, ಅದರ ಒಂದು ಮೂಲೆ ಯಾಕೆ ಸೊಟ್ಟ, ಆ ಮೂಲೆ ಹೆಣೆಯುತ್ತೇನೆ ಅಂತ ಹಟ ಹಿಡಿದ ಮಗು ಯಾವುದು, ಎಲ್ಲ ನಿನಗೆ ಗೊತ್ತಿತ್ತು. ನೀನು ಸೊನ್ನೆ ಬರೆದೆ. ಪೆನ್ನು ನಿಲ್ಲಲೂ ಇಲ್ಲ.

ಹೊರಡುವಾಗ ನಿನ್ನ ತಲೆಗೆ ತೊಲೆ ಬಡಿಯಿತು. ನಾನು ನೋಡಿದೆ. ನೀನು ಬೇಕಂತಲೇ ಬಡಿಸಿಕೊಂಡೆ, ಹೊಸಬಳ ಹಾಗೆ.

ಸರಿ, ಹೋಗಲಿ. ಕೆಲಸ ಸಿಕ್ಕ ಹೊಸದು, ಮುಜುಗರ, ಅದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಬೇಲಿ ಹಾಕಿದ ಮೇಲೆ, ಒಳಗೆ ಹೋಗಿ ಜೊಂಡು ಕೊಯ್ಯುವವರಿಗೆ ಪಾಸು ಕೊಟ್ಟರಲ್ಲ, ಅದನ್ನು ನಿಮ್ಮ ಸರ್ವೆ ಕಾಗದ ನೋಡಿಯೇ ಕೊಟ್ಟರು. ಬುಟ್ಟಿಯವಳಿಗೆ ಸಿಕ್ಕಿತು. ಅವಳ ಸೊಸೆಗೆ ಸಿಕ್ಕಿತು. ಬಲೆಯ ಮುದುಕನಿಗೆ, ಅವನಿಗೆ ಕಣ್ಣೇ ಕಾಣುವುದಿಲ್ಲ, ಅವನಿಗೂ ಸಿಕ್ಕಿತು. ನಿಮ್ಮಮ್ಮ ಗೇಟಿಗೆ ಹೋದರೆ ಕಾವಲುಗಾರ, ಲಿಸ್ಟಿನಲ್ಲಿ ನಿಮ್ಮ ಮನೆ ಮುಂದೆ ಏನೂ ಇಲ್ಲ ಅಂತ ಬರೆದಿದೆ ಅತ್ತೆ, ನಾನೇನು ಮಾಡಲಿ ಅಂದ. ಚಿಕ್ಕವನಿದ್ದಾಗ ಅವಳು ತಂದ ಬಸವನಹುಳುವನ್ನೇ ಬೇಯಿಸಿ ತಿಂದು ಬೆಳೆದವನು. ಸಾಲಿನಲ್ಲಿ ನಿಂತ ಹೆಂಗಸರು ಸುಮ್ಮನಿರುತ್ತಾರಾ? ಆಫೀಸರಮ್ಮನ ತಾಯಿಗೆ ಜೊಂಡು ಯಾಕಮ್ಮಾ, ಮಗಳು ಬೆಳ್ಳಿ ಚಾಪೆ ಹಾಸಲ್ವಾ ಅಂದರು. ಇವಳೂ ಅವರ ಜೊತೆ ನಕ್ಕಳಂತೆ. ಮನೆಗೆ ಬಂದು ಖಾಲಿ ನೆಲದ ಮೇಲೆ ಕೂತು, ಬೆರಳುಗಳನ್ನು ಒಂದರೊಳಗೊಂದು ಹೆಣೆಯುತ್ತಾ ಬಿಚ್ಚುತ್ತಾ ಇದ್ದಳು. ಕೈ ಸುಮ್ಮನಿರಲು ಕಲಿತಿಲ್ಲ.

ಆಮೇಲೆ ನಾನು ಫೋನಿನಲ್ಲಿ ಹೇಳದ ವಿಷಯ. ಹೋದ ತಿಂಗಳು ಒಂದು ಬೆಳಗ್ಗೆ ಅವಳು ಬೇಲಿ ಎತ್ತಿ ಕೆಳಗಿನಿಂದ ನುಸುಳಿದಳು. ಸಿಕ್ಕಿಬಿದ್ದಳು. ಹೊಸ ಮೇಲ್ವಿಚಾರಕ ಬುಟ್ಟಿ ಬೋರಲು ಹಾಕಿಸಿ, ಒಂದೊಂದೇ ಹುಳುವನ್ನು ಅವಳ ಕೈಯಿಂದಲೇ ವಾಪಸು ನೀರಿಗೆ ಎಸೆಸಿದ. ಇದು ಸಾರ್ವಜನಿಕ ಸಂಪತ್ತು, ನಿಮ್ಮಪ್ಪನ ಮನೆಯದ್ದಲ್ಲ, ಬೆಲೆ ಎಷ್ಟು ಗೊತ್ತಾ ಅಂತ ಕೇಳಿದನಂತೆ. ಫಲಕದ ಕೆಳಗೆ ಕೂರಿಸಿ, ಕುಡುಗೋಲು ಕೈಗೆ ಕೊಟ್ಟು, ಫೋಟೋ ತೆಗೆದ. ನಾನು ಮೊಣಕಾಲು ಎಳೆದುಕೊಂಡು ಓಡಿ ಹೋಗುವ ಹೊತ್ತಿಗೆ ಬಿಸಿಲಲ್ಲಿ ಕೂತೇ ಇದ್ದಳು, ನಿನ್ನ ಅಂಕಿಯ ಫಲಕದ ನೆರಳು ಮುಖದ ಮೇಲೆ. ಆ ಫೋಟೋ ಈಗ ಗೇಟಿನಲ್ಲಿದೆ, ಎಚ್ಚರಿಕೆ ಅಂತ ಕೆಂಪಕ್ಷರ ಬರೆದು. ಪೇಟೆಯಿಂದ ಹಕ್ಕಿ ನೋಡಲು ಬರುವವರು ನಿಂತು ನೋಡುತ್ತಾರೆ. ಒಬ್ಬ ಹುಡುಗಿ, ಅಯ್ಯೋ ಪಾಪ, ಇವರಿಗೆ ತಿಳಿವಳಿಕೆ ಕೊಡಬೇಕು ಅಂದಳು.

ನಿನಗೆ ನಾನು ಹಿಂದೆಯೇ ಬರೆದಿದ್ದೆ: ಸರ್ವೆ ಮಾಡಿದ ಅಧಿಕಾರಿ, ಈ ಮನೆಯ ವಿಷಯದಲ್ಲಿ ತಪ್ಪಾಗಿದೆ ಅಂತ ಒಂದು ಸಾಲು ಬರೆದುಕೊಟ್ಟರೆ ಪಾಸು ಕೊಡ್ತೀವಿ ಅಂತ ಪಾಸಿನ ಆಫೀಸಿನ ಗುಮಾಸ್ತ ಹೇಳಿದ್ದಾನೆ ಅಂತ. ನಿನ್ನ ಉತ್ತರ ಬಂತು, ಜೊತೆಗೆ ದುಡ್ಡೂ ಬಂತು. ಕಂಪನಿಯವರು ಕೋರ್ಟಿಗೆ ಹೋಗಿದ್ದಾರೆ, ಒಂದು ಮನೆಯ ಲೆಕ್ಕ ಸುಳ್ಳು ಅಂತ ನಾನೇ ಒಪ್ಪಿಕೊಂಡರೆ ಎಲ್ಲ ಲೆಕ್ಕವನ್ನೂ ಹರಿದುಹಾಕ್ತಾರೆ, ಜೌಗೇ ಕೈಬಿಟ್ಟು ಹೋಗುತ್ತೆ, ಅಮ್ಮ ಇನ್ನಾದರೂ ವಿಶ್ರಾಂತಿ ತಗೊಳ್ಳಲಿ ಅಂತ ನೀನು ಬರೆದಿದ್ದೆ. ನಿಜ ಇರಬಹುದು ಗುಬ್ಬಿ. ಕೋರ್ಟು ಕಚೇರಿ ನನಗೇನು ಗೊತ್ತು? ಆದರೆ ತಪ್ಪಾಗಿದೆ ಅಂತ ಬರೆದರೆ ತಪ್ಪು ಹೇಗಾಯಿತು ಅಂತಲೂ ಬರೆಯಬೇಕಾಗುತ್ತದೆ. ಆ ಹೆಂಗಸು ನನ್ನ ತಾಯಿ ಅಂತ ಬರೆಯಬೇಕಾಗುತ್ತದೆ. ನಿನಗೆ ಯಾವ ಸಾಲು ಕಷ್ಟ ಅಂತ ನಾನು ಕೇಳುವುದಿಲ್ಲ. ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದವಳು, ಅಷ್ಟು ಸಲಿಗೆ ಇಟ್ಟುಕೊಂಡಿದ್ದೇನೆ, ಆದರೂ ಕೇಳುವುದಿಲ್ಲ.

ವಿಶ್ರಾಂತಿ ಅಂದೆಯಲ್ಲ. ಅವಳ ವಿಶ್ರಾಂತಿ ಹೇಗಿದೆ ಅಂದರೆ, ನೀನು ಕಳಿಸಿದ ದುಡ್ಡಿನಲ್ಲಿ ತಂದ ಪ್ಲಾಸ್ಟಿಕ್ ಚಾಪೆಯ ಎಳೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ಊಟ ಅರ್ಧಕ್ಕೆ ಬಿಡುತ್ತಾಳೆ. ಹಿತ್ತಲ ಬಾಗಿಲಲ್ಲಿ ಕೂತು ಬೇಲಿಯಾಚೆ ಬೇರೆಯವರು ಕೊಯ್ಯುವುದನ್ನು ನೋಡಿ, ಬುಡಕ್ಕೇ ಕುಡುಗೋಲು ಹಾಕ್ತಿದಾಳೆ ನೋಡಕ್ಕಾ, ಮತ್ತೆ ಚಿಗುರಲ್ಲ ಅಂತ ಗೊಣಗುತ್ತಾಳೆ. ಆ ಗೊಣಗಾಟವೂ ಈಚೆಗೆ ನಿಂತಿದೆ.

ಪಾಸಿನ ಅರ್ಜಿಗೆ ಈ ತಿಂಗಳ ಕೊನೆಯವರೆಗೆ ಸಮಯವಿದೆ. ಒಂದು ಸಾಲು ಬರೆ ತಾಯಿ. ಕೋಟಿ ಬೆಲೆ ಕಟ್ಟಿದವಳು ನೀನು, ಇವಳನ್ನೂ ಒಂದು ಮೂಲೆಯಲ್ಲಿ ಸೇರಿಸು. ಕೋರ್ಟಿನವರೂ ಯಾರೋ ಹೆತ್ತ ಮಕ್ಕಳೇ ಅಲ್ಲವಾ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಸ್ವೆಟರಿಗೆ ಗುಂಡಿ ಹಾಕಿ ಇಟ್ಟಿದ್ದೇನೆ, ಬಂದಾಗ ತಗೊಂಡು ಹೋಗು.

ನಿನ್ನನ್ನು ಎಷ್ಟು ಬೈದರೂ ಬಿಟ್ಟುಕೊಡದ
ದೊಡ್ಡಮ್ಮ

ಮರೆತ ಮಾತು: ಇದು ಮಂಗಳವಾರ ಬರೆಯುತ್ತಿರುವುದು. ಭಾನುವಾರ ಸಂಜೆ ನಿಮ್ಮಮ್ಮ, ಯಾರಿಗಕ್ಕಾ ಇಷ್ಟುದ್ದ ಅಂತ ಕೇಳಿದಳು, ಪೂರ್ತಿ ಓದಿ ಹೇಳಿದೆ. ಸಾಹೇಬರ ಹಣೆಗೆ ಬಡಿದ ಕಡೆ ನಕ್ಕಳು. ನೀನು ತೊಲೆಗೆ ತಲೆ ಬಡಿಸಿಕೊಂಡ ಕಡೆ, ನೋವಾಯಿತೇನೋ ಅಂದಳು. ನಿನ್ನೆ ಬೆಳಗ್ಗೆ ಮತ್ತೆ ಉಗುರು ಉಜ್ಜಿಕೊಂಡು ಒಬ್ಬಳೇ ಪಾಸಿನ ಆಫೀಸಿಗೆ ಹೋಗಿ, ನಾನು ಹುಟ್ಟಿದಾಗಿನಿಂದ ಜೌಗಿಗೆ ಇಳಿದವಳಲ್ಲ, ಅವತ್ತು ಒಂದು ದಿನ ದುರಾಸೆಯಿಂದ ಕದಿಯಲು ಹೋಗಿದ್ದೆ ಅಂತ ಹೇಳಿ ಹೆಬ್ಬೆಟ್ಟು ಒತ್ತಿ ಬಂದಿದ್ದಾಳೆ. ಹಾಗಾಗಿ ನೀನಿನ್ನು ಏನೂ ಬರೆಯಬೇಕಾಗಿಲ್ಲ, ನಿನ್ನ ಲೆಕ್ಕ ಸರಿಯಾಗಿದೆ. ಗುಮಾಸ್ತನಿಗೆ ಖುಷಿಯಾಗಿ, ಹಕ್ಕಿ ನೋಡಲು ಬರುವವರ ಕಕ್ಕಸು ತೊಳೆಯುವ ಕೆಲಸ ಕೊಟ್ಟಿದ್ದಾನೆ. ಪತ್ರ ಹರಿದುಹಾಕು ಅಂದಳು, ಹರಿದೆ ಅಂತ ಸುಳ್ಳು ಹೇಳಿ ಕಳಿಸುತ್ತಿದ್ದೇನೆ. ದೊಡ್ಡ ದೊಡ್ಡ ಅತಿಥಿಗಳನ್ನು ಕರೆದುಕೊಂಡು ನೀನು ಜೌಗು ತೋರಿಸಲು ಬರ್ತೀಯಂತಲ್ಲ, ಯಾವತ್ತು ಅಂತ ತಿಳಿಸಬೇಕಂತೆ. ಆ ದಿನ ಅವಳು ರಜೆ ಹಾಕುತ್ತಾಳಂತೆ. ತಾರೀಖು ಮಾತ್ರ ಬರೆದರೆ ಸಾಕು.