ಅರವತ್ತನಾಲ್ಕು ಕೆ.ಜಿ. ಬೆಲ್ಲ

ಹಿಂದೂಪುರ
22-7-1997, ಮಂಗಳವಾರ

ಅಮ್ಮನಿಗೆ,

ನಿನ್ನ ರಂಗಿ ಕಾಲು ಮುಟ್ಟಿ ಬರೆಯುವ ಕಾಗದ.

ಬೇಕೆಂದೇ ಕನ್ನಡದಲ್ಲಿ ಬರೆದಿದ್ದೇನೆ. ತಮ್ಮ ಓಬಳಪ್ಪನಿಗೆ ತೆಲುಗು ಅಕ್ಷರ ಬಿಟ್ಟು ಬೇರೆ ಬಾರದು, ನಮ್ಮ ಮನೆಯವರಿಗೂ ಅಷ್ಟೇ. ಪಾವಗಡದ ತವರಿನಿಂದ ತಂದ ಅಕ್ಷರವನ್ನು ನೀನು ಒಲೆಯ ಬೂದಿಯಲ್ಲಿ ಬೆರಳಾಡಿಸಿ ನನಗೊಬ್ಬಳಿಗೇ ಕಲಿಸಿದ್ದೆ. ಅದು ಇವತ್ತು ಉಪಯೋಗಕ್ಕೆ ಬಂತು. ಓಬಳಪ್ಪ ಏನು ಬರೆದವಳೆ ಅಂತ ಕೇಳಿದರೆ ಅಕ್ಕ ಚೆನ್ನಾಗಿದ್ದಾಳೆ ಅಂತ ಹೇಳಿಬಿಡು. ಆಮೇಲೆ ಒಬ್ಬಳೇ ಕೂತು ಓದು.

ನೀನು ಹೇಳಿ ಕಳಿಸಿದ್ದು ತಲುಪಿತು. ಶ್ರಾವಣದ ಮೊದಲನೇ ಶನಿವಾರ ಕದಿರಿಯಲ್ಲಿ ನನ್ನ ತುಲಾಭಾರ, ಕಲ್ಯಾಣದುರ್ಗದಿಂದ ನೀವೆಲ್ಲ ಜೀಪಿನಲ್ಲಿ ಬರುತ್ತೀರಿ, ನಾವು ಇಲ್ಲಿಂದ ಬೆಲ್ಲ ತರಬೇಕು. ಅಮ್ಮ, ನಾನು ಬರುವುದಿಲ್ಲ. ಮೊದಲು ಮಂಡಿನೋವು ಅಂತ ಬರೆದಿದ್ದೆ, ಹರಿದು ಹಾಕಿದೆ. ಎರಡನೇ ಸಲ ಹೊರಗಾಗುವ ದಿನ ಅಂತ ಬರೆದೆ, ಅದನ್ನೂ ಹರಿದೆ. ಇದು ಮೂರನೆಯದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಬರೆದರೆ ಎಲ್ಲಿ ತಪ್ಪಿತು ಅಂತ ನನಗಾದರೂ ಕಾಣಲಿ.

ಮೂರು ವರ್ಷದ ಹಿಂದೆ ನಾನು ನೂರಾ ಹದಿನೆಂಟು ಕೆ.ಜಿ. ಇದ್ದೆ. ಬಚ್ಚಲಿಗೆ ಹೋಗಿ ಬರುವುದರೊಳಗೆ ಮೇಲುಸಿರು. ಆಟೋದವರು ನನ್ನನ್ನು ಕಂಡು ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ಮಲಗಿದರೆ ಉಸಿರು ನಿಂತು ನಿಂತು ಬರುತ್ತಿತ್ತು. ಮದ್ರಾಸಿನಲ್ಲಿ ಹೊಟ್ಟೆಗೆ ಆಪರೇಷನ್ ಮಾಡುವ ಡಾಕ್ಟರು ಇದ್ದಾರೆಂದು ಇವರು ಕೆಲಸಕ್ಕಿರುವ ಬೆಲ್ಲದ ಮಂಡಿಯ ಸಾಹುಕಾರರು ಹೇಳಿದ್ದೇ ತಡ, ಇವರು ಹಿಂದೆ ಮುಂದೆ ನೋಡದೆ ಕರೆದುಕೊಂಡು ಹೋದರು. ಹೊಟ್ಟೆಯೊಳಗಿನ ಚೀಲಕ್ಕೆ ಸಾಲಾಗಿ ಪಿನ್ನು ಹೊಡೆದು, ಕಾಲು ಲೋಟ ಹಿಡಿಯುವಷ್ಟು ಮಾತ್ರ ಬಿಟ್ಟರು. ನನ್ನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ನೀನು ಸೆರಗಿನಲ್ಲಿ ಕಾಣಿಕೆ ಕಟ್ಟಿ ಹರಸಿಕೊಂಡೆ. ಮಗಳು ಬದುಕಿ ಬಂದು ಸಣ್ಣಗಾದರೆ ಅವಳ ತೂಕದ ಬೆಲ್ಲ ಕದಿರಿ ನರಸಿಂಹಸ್ವಾಮಿಗೆ ಅಂತ.

ಎದ್ದಮೇಲೆ ಡಾಕ್ಟರು ಹೇಳಿದ್ದು ನೆನಪಿದೆಯಾ? ತುತ್ತಿಗೆ ಮೂವತ್ತು ಸಲ ಅಗಿಯಬೇಕು ಅಂತ. ನೀನು ಅವರ ಮುಖವನ್ನೇ ನೋಡಿ, ‘ನಮ್ಮ ಕಡೆ ಮುದ್ದೆ ಅಗಿಯಾಕಿಲ್ಲ ಸಾರ್, ನುಂಗ್ತೀವಿ’ ಅಂದೆ. ಅವರಿಗೆ ನಿನ್ನ ಮಾತು ತಿಳಿಯಲಿಲ್ಲ, ನಕ್ಕರು. ಕಲ್ಯಾಣದುರ್ಗಕ್ಕೆ ಬಂದ ಎರಡನೇ ವಾರಕ್ಕೇ ನಾನು ಅಭ್ಯಾಸಬಲದಿಂದ ಒಂದು ತುತ್ತು ಮುದ್ದೆ ಸಾರಿಗೆ ಅದ್ದಿ ನುಂಗಿಬಿಟ್ಟೆ. ಎದೆಯ ಹತ್ತಿರ ಸಿಕ್ಕಿಕೊಂಡು ಪ್ರಾಣ ಹೋಗುವಂತಾಗಿ ಹಿತ್ತಲಲ್ಲಿ ಕಾರಿಕೊಂಡೆ. ಅಪ್ಪ ಪಾಪ ಚೊಂಬು ಹಿಡಿದುಕೊಂಡು ನಿಂತಿದ್ದರು.

ಆಮೇಲೆ ನೀನು ಮಾಡಿದ್ದು ಬಾಣಂತನ. ಹೊಟ್ಟೆ ಕುಯ್ದವಳು ಅಂದರೆ ನಿನಗೆ ಬಾಣಂತಿಯೇ. ತಲೆಗೆ ಬಟ್ಟೆ ಕಟ್ಟಿ, ಸೊಂಟಕ್ಕೆ ಸೀರೆ ಬಿಗಿದು ಮಲಗಿಸಿದೆ. ಗಟ್ಟಿ ಪದಾರ್ಥ ಇಳಿಯದಿದ್ದರೇನಂತೆ ಅಂತ ರಾಗಿ ಗಂಜಿಗೆ ಬೆಲ್ಲ ಹಾಕಿ ತುಪ್ಪ ಬಿಟ್ಟು ಕುಡಿಸಿದೆ. ಎಂಥ ಆಶ್ಚರ್ಯ, ಅದು ಸಲೀಸಾಗಿ ಇಳಿಯಿತು. ಅನ್ನ ಸಿಕ್ಕಿಕೊಳ್ಳುವ ಜಾಗದಲ್ಲಿ, ಆಮೇಲೆ ನೀನು ಕೊಟ್ಟ ಬೆಲ್ಲದ ಪಾನಕವೂ ನಿಲ್ಲಲೇ ಇಲ್ಲ. ‘ನೋಡ್ದೇನಮ್ಮ, ಡಾಕ್ಟ್ರಿಗೆ ಗೊತ್ತಿಲ್ದಿದ್ದು ನಂಗೊತ್ತು’ ಅಂತ ಎಷ್ಟು ಸಂತೋಷಪಟ್ಟೆ! ನಾನು ನಿನ್ನನ್ನು ದೂರುತ್ತಿಲ್ಲ ಅಮ್ಮ. ಇಲ್ಲ, ಸುಳ್ಳು ಯಾಕೆ, ಸ್ವಲ್ಪ ದೂರುತ್ತಿದ್ದೇನೆ. ಸಿಹಿನೀರಿನ ದಾರಿ ನನ್ನ ಹೊಟ್ಟೆಗೆ ತೋರಿಸಿಕೊಟ್ಟವಳು ನೀನು.

ಆಗ ಅದು ಕೇಡು ಮಾಡಲಿಲ್ಲ. ನಾನು ಹಿಂದೂಪುರಕ್ಕೆ ಬಂದಮೇಲೆ ಡಾಕ್ಟರ ಚೀಟಿಯಂತೆ ನಡೆದೆ. ಕೂದಲು ಹಿಡಿ ಹಿಡಿ ಉದುರಿತು, ಚರ್ಮ ಜೋತುಬಿತ್ತು, ಆದರೂ ತೂಕ ಇಳಿಯಿತು. ಒಂದೂವರೆ ವರ್ಷಕ್ಕೆ ಅರವತ್ತನಾಲ್ಕು. ಇವರು ಮಂಡಿಯ ತೂಕದ ಕಾಟಾ ಮೇಲೆ, ಮೂಟೆಗಳ ಮಧ್ಯೆ ನನ್ನನ್ನು ನಿಲ್ಲಿಸಿ ತೂಗಿದರು. ಹಮಾಲಿ ಗಂಗಣ್ಣನೂ ಚಪ್ಪಾಳೆ ತಟ್ಟಿದ. ಅವತ್ತೇ ಇವರು ಹೊಸ ಬೆಲ್ಲದಲ್ಲಿ ಒಂದೊಂದೇ ಅಚ್ಚು ಆರಿಸಿ, ಅರವತ್ತನಾಲ್ಕು ಕೆ.ಜಿ.ಯನ್ನು ಎರಡು ಚೀಲಕ್ಕೆ ತುಂಬಿ, ಅರಿಶಿನದ ದಾರ ಕಟ್ಟಿ, ದೇವರ ಕೋಣೆಯಲ್ಲಿ ಮೀಸಲಿಟ್ಟರು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದರು. ಮದುವೆಯಾದ ಹನ್ನೊಂದು ವರ್ಷಕ್ಕೆ ಮೊದಲ ಸಲ ನಾನು ಸ್ಕೂಟರ್ ಹತ್ತಿದ್ದು.

ಹೋದ ಶ್ರಾವಣಕ್ಕೆ ಹರಕೆ ತೀರಬೇಕಿತ್ತು. ಅಷ್ಟರಲ್ಲಿ ಅಪ್ಪ ಹೋದರು. ವರ್ಷ ತುಂಬುವ ತನಕ ಬೇಡ ಅಂತ ನೀನೇ ಮುಂದೆ ಹಾಕಿದೆ.

ಹನ್ನೊಂದನೇ ದಿನದ ತಿಥಿ ಮುಗಿಸಿ ಬಂದಮೇಲೆ ನನಗೆ ಏನೂ ಇಳಿಯುತ್ತಿರಲಿಲ್ಲ. ಅನ್ನ ಮುಂದಿಟ್ಟುಕೊಂಡರೆ ಚೊಂಬು ಹಿಡಿದು ನಿಂತ ಅಪ್ಪನೇ ಕಣ್ಮುಂದೆ. ಇವರು ಮಂಡಿಗೆ ಹೋದಮೇಲೆ ಮಧ್ಯಾಹ್ನ ಮನೆ ಬಿಕೋ ಅನ್ನುತ್ತಿತ್ತು. ಆವಾಗ ಪಾನಕ ಕುಡಿದೆ. ಸಮಾಧಾನವಾಯಿತು. ಮರುದಿನವೂ ಕುಡಿದೆ. ತಿನ್ನುವುದಾಗಿದ್ದರೆ ಎರಡು ತುತ್ತಿಗೆ ಹೊಟ್ಟೆಯೇ ಸಾಕು ಅನ್ನುತ್ತಿತ್ತು, ಕುಡಿಯುವುದಕ್ಕೆ ಸಾಕು ಅನ್ನುವವರೇ ಇರಲಿಲ್ಲ. ಊಟಕ್ಕೆ ಕೂತರೆ ಇವರ ಮುಂದೆ ನಾನು ಮುಷ್ಟಿ ಅನ್ನದವಳು. ಇಷ್ಟೇ ತಿಂದರೂ ಮೈ ಬರುತ್ತಿದೆಯಲ್ಲ, ಪಿನ್ನು ಬಿಚ್ಚಿಕೊಂಡಿತೋ ಏನೋ, ಮದ್ರಾಸಿಗೆ ಹೋಗೋಣ ಅಂತ ಇವರು ಎರಡು ಸಲ ಹೊರಡಿಸಿದರು. ನಾನು ಎರಡು ಸಲವೂ ತಪ್ಪಿಸಿದೆ. ಯಾವ ಮುಖ ಹೊತ್ತು ಹೋಗಲಿ?

ಸಣ್ಣಗಾದಾಗ ಒಳಗೆ ಹಿಡಿದು ಹೊಲಿದಿದ್ದ ರವಿಕೆಗಳ ಹೊಲಿಗೆ ಒಂದೊಂದೇ ಬಿಚ್ಚಿದೆ. ಈಗ ಬಿಚ್ಚುವುದಕ್ಕೆ ಬಟ್ಟೆ ಉಳಿದಿಲ್ಲ. ಪಕ್ಕದ ಮನೆ ಪದ್ಮಾವತಮ್ಮ ನಲ್ಲಿಯ ಹತ್ತಿರ ಎಲ್ಲರೆದುರಿಗೆ, ‘ಏಮ್ಮಾ, ಮಳ್ಳೀ ಒಳ್ಳು ಚೇಸಿನಾವೇ’ ಅಂದರು. ಮತ್ತೆ ಮೈ ಬಂತಲ್ಲ ಅಂತ. ಅವತ್ತಿನಿಂದ ನೀರಿಗೆ ಇವರೇ ಹೋಗುತ್ತಾರೆ. ನಿನ್ನೆ ರೈಲ್ವೆ ಸ್ಟೇಷನ್ನಿಗೆ ಹೋಗಿ, ನಾಣ್ಯ ಹಾಕಿದರೆ ತೂಕ ಹೇಳುವ ಮಿಷನ್ನಿನ ಮೇಲೆ ನಿಂತೆ. ತೊಂಬತ್ತೇಳು. ಟಿಕೆಟ್ಟನ್ನು ಈ ಕಾಗದದಲ್ಲೇ ಇಟ್ಟಿದ್ದೇನೆ. ಅದರ ಹಿಂದೆ ಭವಿಷ್ಯವೂ ಅಚ್ಚಾಗಿದೆ, ನೀವು ಅಂದುಕೊಂಡದ್ದು ನೆರವೇರುತ್ತದೆ ಅಂತ. ನಗಬೇಕೋ ಅಳಬೇಕೋ ತಿಳಿಯದೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಎರಡು ರೈಲು ಹೋಗುವ ತನಕ ಕೂತಿದ್ದೆ.

ನೀನೇ ಹೇಳು, ಈ ಮೈ ಹೊತ್ತು ತಕ್ಕಡಿಯಲ್ಲಿ ಹೇಗೆ ಕೂರಲಿ? ಆ ಕಡೆ ಅರವತ್ತನಾಲ್ಕು ಇಡುತ್ತಾರೆ, ತಟ್ಟೆ ಅಲ್ಲಾಡುವುದಿಲ್ಲ. ಪೂಜಾರಿ ಇನ್ನೂ ತನ್ನಿ ಅನ್ನುತ್ತಾರೆ. ಓಬಳಪ್ಪನ ಹೆಂಡತಿ, ಅವಳ ಕಡೆಯವರು, ಎಲ್ಲ ನೋಡುತ್ತಾರೆ. ಸಣ್ಣಗಾದರೆ ಅಂತ ತಾನೇ ನೀನು ಹರಸಿಕೊಂಡದ್ದು? ನಾನು ಸಣ್ಣಗಾಗಿಲ್ಲ. ಆದ್ದರಿಂದ ಹರಕೆಯೇ ಇಲ್ಲ ಅಂದುಕೋ. ದೇವರಿಗೆ ನಾನೇ ತಪ್ಪುಕಾಣಿಕೆ ಕಟ್ಟುತ್ತೇನೆ.

ಇವರು ಒಂದು ಮಾತೂ ಅನ್ನುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೊನ್ನೆ ತುಲಾಭಾರದ ಮಾತು ಬಂದಾಗ, ಕಡಿಮೆ ಬಿದ್ದರೆ ಇನ್ನೊಂದು ಚೀಲ ತಂದರಾಯಿತು, ನೀನು ಬದುಕಿದ್ದೀಯಲ್ಲ ಅಂದರು. ಅದನ್ನು ಕೇಳಿ ನನಗೆ ಬದುಕೇ ಬೇಸರವಾಯಿತು. ಗಾಬರಿಯಾಗಬೇಡ, ನಾನು ಏನೂ ಮಾಡಿಕೊಳ್ಳುವುದಿಲ್ಲ. ಅದಕ್ಕೂ ಧೈರ್ಯ ಬೇಕು.

ಜೀಪಿನವನಿಗೆ ಬೇಡ ಅಂತ ಹೇಳಿಸು. ಓಬಳಪ್ಪನಿಗೆ ಏನಾದರೂ ಒಂದು ನೆವ ಹೇಳು. ಬೆಲ್ಲದ ಯೋಚನೆ ಬೇಡ, ಮೀಸಲು ಮೀಸಲಾಗಿಯೇ ಇದೆ. ಪ್ರತಿ ಶನಿವಾರ ಇವರು ಚೀಲಗಳಿಗೆ ಊದುಬತ್ತಿ ಬೆಳಗಿ ಕೈ ಮುಗಿಯುತ್ತಾರೆ.

ಇಂತಿ,
ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ರಂಗಲಕ್ಷ್ಮಿ

ತಾ.ಕ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಆ ಚೀಲಗಳಲ್ಲಿ ಬೆಲ್ಲವಿಲ್ಲ ಅಮ್ಮ. ಅಪ್ಪನ ತಿಥಿಯಿಂದ ಬಂದ ಮೂರನೇ ದಿನ ದಾರ ಬಿಚ್ಚಿ ಒಂದು ಅಚ್ಚು ತೆಗೆದೆ, ದೇವರದ್ದು, ಒಂದೇ ಅಂತ. ಕೊನೆಯದನ್ನು ಹೋದ ಗುರುವಾರ ಪಾನಕಕ್ಕೆ ಕರಗಿಸಿದೆ. ಈಗ ಒಳಗಿರುವುದು ಕಡಲೆಕಾಯಿ ಹೊಟ್ಟು, ಮೇಲೆ ನನಗಾಗದ ರವಿಕೆಗಳು. ಇವರು ಕೈ ಮುಗಿಯುವುದು ಅದಕ್ಕೆ. ಶ್ರಾವಣದ ಶನಿವಾರ ಇವರು ಕದಿರಿಗೆಂದು ಚೀಲ ಎತ್ತಲು ಹೋದರೆ ಒಂದೇ ಕೈಗೆ ಬರುತ್ತದೆ. ಅಷ್ಟರೊಳಗೆ ನೀನು ಬಾ.