ನಾಟ್ತಾ?

ಅಪ್ಪಾ,

ಇವತ್ತು ಮಾತ್ರೆಯೊಂದರ ಮಾಹಿತಿ ಚೀಟಿಯನ್ನು ಕನ್ನಡಕ್ಕೆ ತರುತ್ತ 'ಎಫಿಕಸಿ' ಎಂಬಲ್ಲಿ ತಡವರಿಸಿದೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ 'ಮಾಡಿ ಮುಗಿಸುವುದು' ಎಂಬರ್ಥವಂತೆ. ಈಗ ಹೆಚ್ಚಾಗಿ ಔಷಧಿಗೇ ಬಳಕೆ. 'ಪರಿಣಾಮಕಾರಿತ್ವ' ಎಂದು ಬರೆದು, ಕಚೇರಿ ಗುಡಿಸುವ ಅಕ್ಕನಿಗೆ ಓದಲು ಕೊಟ್ಟೆ. ಪದದ ನಡುವೆಯೇ ಉಸಿರು ಕಟ್ಟಿ, "ಮದ್ದು ನಾಟುತ್ತೆ ಅಂತ ತಾನೇ? ಹಾಗೇ ಬರೀಬಾರ್ದಾ?" ಎಂದರು.

ನಿಮ್ಮದೇ ಮಾತು! ಮೂವತ್ತು ವರ್ಷ ಕಾಂಪೌಂಡರ್ ಆಗಿ, ಮದ್ದು ಒಯ್ದು ಮತ್ತೆ ಬಂದವರನ್ನೆಲ್ಲ "ನಾಟ್ತಾ?" ಎಂದೇ ಕೇಳುತ್ತಿದ್ದಿರಿ. ಉತ್ತರ ಬರುವ ತನಕ ಮುಂದಿನ ಬಾಟಲಿ ಮುಟ್ಟುತ್ತಿರಲಿಲ್ಲ. ನಾನು ನಗುತ್ತಿದ್ದೆ. ಇವತ್ತು ನನ್ನ ಪದ ಹೊಡೆದುಹಾಕಿ ನಿಮ್ಮದನ್ನೇ ಬರೆದೆ.

ಕೊನೆಗೆ ಆಸ್ಪತ್ರೆಯಲ್ಲಿ ಡಾಕ್ಟರು "ಈ ಮದ್ದಿಗೆ ಇನ್ನು ಎಫಿಕಸಿ ಇಲ್ಲ" ಎಂದಾಗ, ನೀವು ಮಲಗಿದಲ್ಲಿಂದಲೇ "ಹಾಗಂದ್ರೇನಮ್ಮಾ?" ಎಂದಿರಿ. ಗೊತ್ತಿಲ್ಲ ಎಂದುಬಿಟ್ಟೆ. ನನಗೆ ಗೊತ್ತಿತ್ತು.

ನಾಟಲಿಲ್ಲ, ಅಪ್ಪಾ.